ಕೊಳ್ಳದವರಿಗೂ ಹೆಸರು ತಿಳಿದಿರಬೇಕು, ಏಕೆ?

(ಕಲಬುರಗಿಯಲ್ಲಿ ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗಳು, ದಾಲ್ ಮಿಲ್ ನಡೆಸುವವರು ಮತ್ತು ಸ್ವಸಹಾಯ ಸಂಘಗಳ ಮಹಿಳೆಯರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ,

ಕಲಬುರಗಿಯಿಂದ ಸೇಡಂ ಕಡೆಗಾಗಲಿ, ಶಹಾಬಾದ್ ದಾಟಿ ವಾಡಿಯ ಕಡೆಗಾಗಲಿ ಹೊರಟರೆ, ಊರು ಬಂದಲ್ಲೆಲ್ಲ ಗೋಡೆಗಳ ಮೇಲೆ ಸಿಮೆಂಟ್ ಕಂಪನಿಗಳ ಹೆಸರುಗಳು ದೊಡ್ಡ ಅಕ್ಷರಗಳಲ್ಲಿ ಕಾಣುತ್ತವೆ. ಇದು ಸುಣ್ಣದಕಲ್ಲಿನ ಸೀಮೆ. ಆ ಸಿಮೆಂಟ್ ತಯಾರಾಗುವುದೂ ಇಲ್ಲಿಯೇ. ಆದರೆ ಆ ಗೋಡೆಗಳನ್ನು ದಿನವೂ ನೋಡುವವರು ಯಾರು? ಶಾಲೆಗೆ ಹೋಗುವ ಮಕ್ಕಳು, ಬಸ್ಸಿಗೆ ಕಾಯುವ ವೃದ್ಧರು, ಕಳೆ ತೆಗೆಯಲು ತೊಗರಿ ಹೊಲಕ್ಕೆ ಹೋಗುವ ಹೆಣ್ಣುಮಕ್ಕಳು. ಇವರಲ್ಲಿ ಈ ವರ್ಷ ಮನೆ ಕಟ್ಟಿಸುವವರು ಬೆರಳೆಣಿಕೆಯಷ್ಟು ಇದ್ದರೆ ಹೆಚ್ಚು. ಹಾಗಿದ್ದರೂ ಕಂಪನಿಯು ಗೋಡೆಯ ಒಡೆಯನಿಗೆ, ಬಣ್ಣಕ್ಕೆ, ಬರೆಯುವವರ ಕೂಲಿಗೆ ಹಣ ಕೊಡುತ್ತದೆ. ಕ್ರಿಕೆಟ್ ಪಂದ್ಯದ ನಡುವೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹಣ ತೆತ್ತು ಅದೇ ಹೆಸರನ್ನು ಕೋಟ್ಯಂತರ ಜನರಿಗೆ ತೋರಿಸುತ್ತದೆ. ಕೊಳ್ಳುವವರು ಯಾರೆಂದು ಹುಡುಕಿ ಅವರಿಗಷ್ಟೇ ಹೇಳಬಹುದಾದ ಮಾತನ್ನು ಊರಿಗೆಲ್ಲ ಹೇಳುವುದು ಏಕೆ ಎಂಬ ಪ್ರಶ್ನೆಯನ್ನು ಈ ಹೊತ್ತು ನಾನು ಎತ್ತಿಕೊಂಡಿದ್ದೇನೆ.

ಇದನ್ನು ದುಂದುವೆಚ್ಚವೆಂದು ಬಗೆಯುವುದು ಸುಲಭ, ಮತ್ತು ನಮ್ಮ ಭಾಗದ ವ್ಯಾಪಾರಿಗಳಲ್ಲಿ ಬಹುಮಂದಿ ಹಾಗೆಯೇ ಬಗೆದಿದ್ದಾರೆ. ಸರಕು ಚೆನ್ನಾಗಿದ್ದರೆ ಗಿರಾಕಿ ತಾನಾಗಿ ಬರುತ್ತಾನೆ, ಪ್ರಚಾರಕ್ಕೆ ಹಾಕುವ ಹಣವನ್ನು ಬೆಲೆಯಲ್ಲಿ ಇಳಿಸಿದರೆ ಸಾಕು ಎಂಬುದು ಗಂಜಿನಲ್ಲಿ, ಅಂದರೆ ನಮ್ಮ ಧಾನ್ಯದ ಸಗಟು ಮಾರುಕಟ್ಟೆಯಲ್ಲಿ, ಮತ್ತೆ ಮತ್ತೆ ಕೇಳಿಬರುವ ಮಾತು. ಆ ಮಾತಿನ ಹಿಂದಿರುವ ಪ್ರಾಮಾಣಿಕತೆಯನ್ನು ನಾನು ಗೌರವಿಸುತ್ತೇನೆ. ಆದರೆ ಹೆಸರನ್ನು ಕಟ್ಟುವ ಕೆಲಸದಲ್ಲಿ ಹೆಚ್ಚು ಫಲ ಕೊಡುವುದು ಇಂದು ಕೊಳ್ಳದವರಿಗೆ ತಲುಪಿದ ಜಾಹೀರಾತೇ ಎಂದು ನಾನು ನಂಬಿದ್ದೇನೆ. ಈ ಸಂಗತಿಯನ್ನು ಅರಿಯದೆ ನಮ್ಮ ತೊಗರಿ ಇಷ್ಟು ವರ್ಷ ಹೆಸರಿಲ್ಲದ ಚೀಲಗಳಲ್ಲಿ ಊರು ಬಿಟ್ಟು ಹೋಗಿದೆ ಎಂಬ ನೋವೂ ನನಗಿದೆ.

ಮೊದಲು ಸಿಮೆಂಟನ್ನೇ ನೋಡೋಣ. ಸಾಮಾನ್ಯ ಕುಟುಂಬವೊಂದು ಬಾಳಿನಲ್ಲಿ ಒಮ್ಮೆಯೋ ಎರಡು ಸಲವೋ ಮನೆ ಕಟ್ಟಿಸುತ್ತದೆ. ಆ ದಿನ ಯಾವಾಗ ಬರುತ್ತದೆಂದು ಆ ಕುಟುಂಬಕ್ಕೇ ಮೊದಲು ತಿಳಿದಿರುವುದಿಲ್ಲ, ಇನ್ನು ಕಂಪನಿಗೆ ತಿಳಿಯುವುದೆಂತು? ಬಂದಾಗಲಂತೂ ಕೈಯಲ್ಲಿ ಸಮಯವಿರುವುದಿಲ್ಲ. ಪಾಯ ತೋಡಿಯಾಗಿರುತ್ತದೆ, ಗೌಂಡಿ ಸರಕಿನ ಪಟ್ಟಿ ಕೊಟ್ಟಿರುತ್ತಾನೆ, ಮಳೆಗಾಲಕ್ಕೆ ಮೊದಲು ಛತ್ತು ಬೀಳಬೇಕಾಗಿರುತ್ತದೆ. ಮೇಲಾಗಿ, ನಮ್ಮಲ್ಲಿ ಮಾರಾಟವಾಗುವ ಸಿಮೆಂಟಿಗೆ ಐಎಸ್‌ಐ ಗುರುತು ಕಡ್ಡಾಯ. ಒಂದೇ ದರ್ಜೆಯ ಎರಡು ಕಂಪನಿಗಳ ಐವತ್ತು ಕಿಲೋ ಚೀಲಗಳನ್ನು ಬಿಚ್ಚಿ ಮುಂದಿಟ್ಟರೆ ಸಾಮಾನ್ಯ ಗ್ರಾಹಕನ ಕಣ್ಣಿಗೆ ಎರಡೂ ಬೂದು ಬಣ್ಣದ ಪುಡಿಯೇ. ವ್ಯತ್ಯಾಸವನ್ನು ಕಣ್ಣಿನಿಂದಾಗಲಿ ಕೈಯಿಂದಾಗಲಿ ಅಳೆಯಲಾಗದ ಕಡೆ, ಹತ್ತು ಹದಿನೈದು ವರ್ಷಗಳಿಂದ ಗೋಡೆಯ ಮೇಲೆ, ಬಸ್ಸಿನ ಬೆನ್ನಿನ ಮೇಲೆ, ಟಿವಿಯಲ್ಲಿ ಕಂಡು ಮನಸ್ಸಿನಲ್ಲಿ ಕುಳಿತ ಹೆಸರು ಮೊದಲು ಬಾಯಿಗೆ ಬರುತ್ತದೆ. ಶಾಲೆಗೆ ಹೋಗುವಾಗ ಆ ಗೋಡೆಯನ್ನು ಓದಿದ ಹುಡುಗನೇ ಮುಂದೆ ಮನೆ ಕಟ್ಟಿಸುವ ಯಜಮಾನನಾಗುತ್ತಾನೆ. ಕೊಳ್ಳುವ ದಿನ ಬಂದ ಮೇಲೆ ಪರಿಚಯ ಮಾಡಿಕೊಡಲು ಹೊರಟ ಕಂಪನಿ ತಡವಾಗಿ ಬಂದಿರುತ್ತದೆ.

ಅಪರೂಪಕ್ಕೆ ಕೊಳ್ಳುವ ವಸ್ತುಗಳ ವಿಚಾರದಲ್ಲಿ ಇದನ್ನು ಒಪ್ಪುವವರು ಸಾಬೂನು, ಚಹಾಪುಡಿ, ಬಿಸ್ಕತ್ತುಗಳ ವಿಚಾರದಲ್ಲಿ ಸಂದೇಹಪಡುತ್ತಾರೆ. ದಿನವೂ ಕೊಳ್ಳುವವರು ಗೊತ್ತಿರುವವರೇ ಅಲ್ಲವೇ, ಅವರನ್ನು ಉಳಿಸಿಕೊಂಡರೆ ಸಾಲದೇ ಎಂಬ ಪ್ರಶ್ನೆ ಬರುತ್ತದೆ. ಇದಕ್ಕೆ ಕೊಳ್ಳುವವರ ನಡವಳಿಕೆಯನ್ನು ದಶಕಗಳ ಕಾಲ ಲೆಕ್ಕ ಹಾಕಿ ನೋಡಿದ ಆಂಡ್ರ್ಯೂ ಎರೆನ್‌ಬರ್ಗ್ ಎಂಬ ವಿದ್ವಾಂಸರ ಕೆಲಸದಲ್ಲಿ ಉತ್ತರವಿದೆ. ಯಾವುದೇ ದೊಡ್ಡ ಹೆಸರಿನ ಗ್ರಾಹಕರಲ್ಲಿ ಬಹುಪಾಲು ಜನ ಅದನ್ನು ಆಗೊಮ್ಮೆ ಈಗೊಮ್ಮೆ ಕೊಳ್ಳುವವರು. ಅದನ್ನೇ ಹಿಡಿದು ಕೂತ ನಿಷ್ಠಾವಂತರು ಸ್ವಲ್ಪವೇ. 1963ರಲ್ಲಿ ವಿಲಿಯಂ ಮ್ಯಾಕ್‌ಫೀ ಎಂಬ ಸಮಾಜವಿಜ್ಞಾನಿ ಇನ್ನೊಂದು ಸಂಗತಿಯನ್ನು ಗುರುತಿಸಿದ್ದರು. ಕಡಿಮೆ ಜನಕ್ಕೆ ಗೊತ್ತಿರುವ ಹೆಸರಿಗೆ ಎರಡು ಕಡೆಯಿಂದ ಪೆಟ್ಟು ಬೀಳುತ್ತದೆ: ಅದಕ್ಕೆ ಒಲಿದವರೂ ಕಡಿಮೆ, ಒಲಿದವರ ಒಲವೂ ತುಸು ಕಡಿಮೆ. ಮುಂದೆ ಎರೆನ್‌ಬರ್ಗ್ ಮತ್ತು ಅವರ ಸಂಗಡಿಗರು ಇದೇ ಮಾದರಿಯನ್ನು ಅಂಗಡಿಯ ಸರಕುಗಳ ಖರೀದಿಯಲ್ಲಿಯೂ ಕಂಡರು. ಚಿಕ್ಕ ಹೆಸರೊಂದು ತನ್ನ ಕೆಲವೇ ಭಕ್ತರನ್ನು ಗಟ್ಟಿಯಾಗಿ ಹಿಡಿದುಕೊಂಡು ಬೆಳೆಯುತ್ತೇನೆಂದರೆ ಅದು ಸಾಮಾನ್ಯವಾಗಿ ಕೈಗೂಡುವುದಿಲ್ಲ. ವರ್ಷಕ್ಕೊಮ್ಮೆ ಕೊಳ್ಳುವವರ, ಇನ್ನೂ ಕೊಳ್ಳದೇ ಇರುವವರ ನೆನಪಿನಲ್ಲಿ ಅದು ಸೇರಬೇಕು. ಅಂಥವರು ಎಲ್ಲೆಡೆ ಚದುರಿಹೋಗಿರುವುದರಿಂದ ಜಾಹೀರಾತೂ ಎಲ್ಲೆಡೆ ಹೋಗಬೇಕಾಗುತ್ತದೆ.

ನೆನಪು ಎಂದೆ. ನೆನಪು ಬೆಳೆಯುವುದು ತರ್ಕದಿಂದ ಎನ್ನುವುದಕ್ಕಿಂತ ಪುನರಾವರ್ತನೆಯಿಂದ. 1968ರಲ್ಲಿ ರಾಬರ್ಟ್ ಝಾಯಾನ್ಸ್ ಎಂಬ ಮನೋವಿಜ್ಞಾನಿ ಅರ್ಥವಿಲ್ಲದ ಪದಗಳನ್ನೂ ಚೀನೀ ಲಿಪಿಯಂತೆ ಕಾಣುವ ಆಕೃತಿಗಳನ್ನೂ ಜನರಿಗೆ ಕೆಲವನ್ನು ಹೆಚ್ಚು ಬಾರಿ, ಕೆಲವನ್ನು ಕಡಿಮೆ ಬಾರಿ ತೋರಿಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಹೆಚ್ಚು ಬಾರಿ ಕಂಡದ್ದನ್ನು ಜನ ಹೆಚ್ಚು ಒಳ್ಳೆಯದೆಂದು ಎಣಿಸಿದರು. ಯಾವ ಗುಣವನ್ನೂ ಯಾರೂ ಹೇಳಿರಲಿಲ್ಲ; ಕಂಡದ್ದೇ ಕಾರಣವಾಯಿತು. ಕಿರಾಣಿ ಅಂಗಡಿಯ ಮುಂದೆ ನಿಂತು ಎರಡು ಪೊಟ್ಟಣಗಳಲ್ಲಿ ಒಂದನ್ನು ಎತ್ತಿಕೊಳ್ಳುವ ಕ್ಷಣದಲ್ಲಿ ನಮ್ಮೆಲ್ಲರಲ್ಲಿಯೂ ನಡೆಯುವುದು ಬಹುಮಟ್ಟಿಗೆ ಇದೇ. ಇದನ್ನು ದೌರ್ಬಲ್ಯವೆಂದು ಜರೆಯುವ ಅಗತ್ಯವಿಲ್ಲ. ದಿನಕ್ಕೆ ನೂರು ಚಿಕ್ಕ ತೀರ್ಮಾನಗಳನ್ನು ಮಾಡಬೇಕಾದ ಮನುಷ್ಯ ಪ್ರತಿಯೊಂದನ್ನೂ ವಿಚಾರಣೆಗೆ ಒಡ್ಡುತ್ತಾ ಕುಳಿತರೆ ಸಂಸಾರ ನಡೆಯದು.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಚಿತ್ರಗಳು ಹೇಗೆ ಒದಗಿದವು ಎಂಬುದನ್ನು ಇಲ್ಲಿ ನೆನೆಯಬೇಕು. 1951ರ ಜನಗಣತಿಯ ಪ್ರಕಾರ ಭಾರತದ ಸಾಕ್ಷರತೆ ಶೇ. 18.33. ಅಕ್ಷರ ಬಾರದ ಬಹುಸಂಖ್ಯಾತರಿಗೆ ಹೆಸರು ಗುರುತಾಗಬೇಕಾದರೆ ಅದಕ್ಕೊಂದು ಮುಖ ಬೇಕಾಗಿತ್ತು. 1954ರಲ್ಲಿ ಏಷ್ಯನ್ ಪೇಂಟ್ಸ್ ಕಂಪನಿಗಾಗಿ ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರು ಬಣ್ಣದ ಡಬ್ಬಿ, ಬ್ರಷ್ ಹಿಡಿದ ತುಂಟ ಹುಡುಗನನ್ನು ಬರೆದುಕೊಟ್ಟರು. ಗಟ್ಟು ಎಂಬ ಆ ಹುಡುಗ ದಶಕಗಳ ಕಾಲ ಕಂಪನಿಯ ಗುರುತಾಗಿ ಉಳಿದ. 1966ರಲ್ಲಿ ಅಮುಲ್ ಬೆಣ್ಣೆಯ ಪುಟ್ಟ ಹುಡುಗಿ ಬಂದಳು. 1969ರಲ್ಲಿ ಅಹಮದಾಬಾದಿನಲ್ಲಿ ಕರ್ಸನ್‌ಭಾಯಿ ಪಟೇಲ್ ಆರಂಭಿಸಿದ ನಿರ್ಮಾ, ಪೊಟ್ಟಣದ ಮೇಲೆ ಬಿಳಿ ಉಡುಪಿನಲ್ಲಿ ತಿರುಗುವ ಹುಡುಗಿಯನ್ನೂ ರೇಡಿಯೊ-ಟಿವಿಯ ಒಂದು ಚಿಕ್ಕ ಹಾಡನ್ನೂ ಆಶ್ರಯಿಸಿ, ಬಹುರಾಷ್ಟ್ರೀಯ ಕಂಪನಿಯ ಸರ್ಫ್‌ಗೆ ಎದುರಾಗಿ ನಿಂತಿತು. ನಿರ್ಮಾದ ಬೆಲೆ ತೀರ ಕಡಿಮೆಯಿತ್ತು, ನಿಜ. ಆದರೆ ಕಡಿಮೆ ಬೆಲೆಯ ಪುಡಿಗಳು ಆ ಕಾಲದಲ್ಲಿ ಬೇರೆಯೂ ಇದ್ದವು. ಜನ ಅಂಗಡಿಯಲ್ಲಿ ಹೆಸರು ಹಿಡಿದು ಕೇಳಿದ್ದು ನಿರ್ಮಾವನ್ನು.

ಇನ್ನು ನಾನು ಅತ್ಯಂತ ಮುಖ್ಯವೆಂದು ತಿಳಿದಿರುವ ಮಾತಿಗೆ ಬರುತ್ತೇನೆ. ಕೊಳ್ಳುವವನು ಒಂಟಿಯಲ್ಲ. ಮನೆ ಕಟ್ಟಿಸುವವನ ಸುತ್ತ ತಂದೆ, ಹೆಂಡತಿ, ಸೋದರಮಾವ, ನೆರೆಯವರು, ಗೌಂಡಿ, ಗುತ್ತಿಗೆದಾರ ಇಷ್ಟು ಜನ ನಿಂತಿರುತ್ತಾರೆ. ಯಾರೂ ಕೇಳಿರದ ಹೆಸರಿನ ಸಿಮೆಂಟ್ ತರಿಸಿದರೆ ಅವನು ಪ್ರತಿಯೊಬ್ಬರಿಗೂ ಕಾರಣ ಹೇಳಬೇಕು. ಮುಂದೆ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಂದರೂ ಆ ಆಯ್ಕೆಯೇ ದೋಷಿಯಾಗುತ್ತದೆ. ಎಲ್ಲರಿಗೂ ಗೊತ್ತಿರುವ ಹೆಸರನ್ನು ತಂದರೆ ಯಾರೂ ಪ್ರಶ್ನಿಸುವುದಿಲ್ಲ. ಮಗಳ ಮದುವೆಯಲ್ಲಿ ಕೊಡುವ ಕೈಗಡಿಯಾರ, ಬೀಗರ ಮುಂದೆ ಇಡುವ ಸಿಹಿಯ ಡಬ್ಬಿ, ಅತಿಥಿಗೆ ಕೊಡುವ ಬಿಸ್ಕತ್ತು, ಇವೆಲ್ಲದರಲ್ಲಿ ನಾವು ಕೊಳ್ಳುವುದು ವಸ್ತುವನ್ನಷ್ಟೇ ಅಲ್ಲ, ಎದುರಿನವರಿಗೂ ಅದರ ಬೆಲೆ ತಿಳಿದಿದೆ ಎಂಬ ನೆಮ್ಮದಿಯನ್ನೂ ಕೊಳ್ಳುತ್ತೇವೆ. ಆ ಎದುರಿನವರು ತಾವು ಎಂದೂ ಆ ವಸ್ತುವನ್ನು ಕೊಳ್ಳದಿರಬಹುದು. ಆದರೂ ಅವರಿಗೆ ಹೆಸರು ತಿಳಿದಿರದಿದ್ದರೆ ಕೊಳ್ಳುವವನ ಕೈ ಹಿಂಜರಿಯುತ್ತದೆ.

ನನಗೆ ಗೊತ್ತಿರುವುದು ಒಂದು ಬಗೆ. ಎಲ್ಲರಿಗೂ ಗೊತ್ತಿದೆ ಎಂಬುದು ನನಗೆ ಗೊತ್ತಿರುವುದು ಇನ್ನೊಂದು ಬಗೆ. ಮೈಕೆಲ್ ಚ್ವೆ ಎಂಬ ರಾಜ್ಯಶಾಸ್ತ್ರಜ್ಞರು ಈ ಎರಡನೆಯ ಬಗೆಯ ಅರಿವಿನ ಮೇಲೆ ಬರೆಯುತ್ತಾ, ಜನ ಒಟ್ಟಾಗಿ ನೋಡುವ ಕಾರ್ಯಕ್ರಮಗಳಲ್ಲಿ ಜಾಹೀರಾತಿಗೆ ಕಂಪನಿಗಳು ಹೆಚ್ಚು ಹಣ ತೆರುವುದನ್ನು ವಿವರಿಸಿದ್ದಾರೆ. ನಮ್ಮಲ್ಲಿ ಇದಕ್ಕೆ 1987-88ರ ಭಾನುವಾರದ ಬೆಳಗುಗಳಿಗಿಂತ ದೊಡ್ಡ ನಿದರ್ಶನ ಬೇಡ. ದೂರದರ್ಶನದಲ್ಲಿ ರಾಮಾಯಣ ಬರುವ ಹೊತ್ತಿಗೆ ಟಿವಿ ಇದ್ದ ಮನೆಯಲ್ಲಿ ಓಣಿಯೆಲ್ಲ ಸೇರುತ್ತಿತ್ತು. ಅದರ ಮುಂಚೆ ಬಂದ ಜಾಹೀರಾತನ್ನು ನೋಡಿದವನಿಗೆ, ಪಕ್ಕದಲ್ಲಿ ಕೂತ ಇಪ್ಪತ್ತು ಮಂದಿಯೂ ಅದನ್ನು ನೋಡಿದ್ದಾರೆ ಎಂಬುದು ಕಣ್ಣಾರೆ ತಿಳಿದಿತ್ತು. ಪ್ರಸಂಗವಶಾತ್ ಒಂದು ಮಾತು: ನಮ್ಮ ಗುಲ್ಬರ್ಗಾ ಜಿಲ್ಲೆಯ ಹಳ್ಳಿಗಳಿಗೆ ಟಿವಿ ಬಂದದ್ದು ಅದಕ್ಕೂ ಬಹಳ ಮುಂಚೆ, 1975ರ ಆಗಸ್ಟಿನಲ್ಲಿ, ಉಪಗ್ರಹದ ಮೂಲಕ ಶಿಕ್ಷಣ ನೀಡುವ ಸೈಟ್ ಪ್ರಯೋಗದ ಅಂಗವಾಗಿ. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಒಂದು ವರ್ಷ ನಡೆದ ಆ ಪ್ರಯೋಗದಲ್ಲಿ ಕರ್ನಾಟಕದಿಂದ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳಿದ್ದವು. ಊರವರೆಲ್ಲ ಒಂದೆಡೆ ಕೂತು ಒಂದೇ ಮಾತನ್ನು ಕೇಳುವುದರಲ್ಲಿ ಎಂಥ ಬಲವಿದೆ ಎಂಬುದನ್ನು ಆಗ ಕೃಷಿ, ಆರೋಗ್ಯದ ಮಾತುಗಳಿಗೆ ಬಳಸಿಕೊಳ್ಳಲಾಗಿತ್ತು. ವಾಣಿಜ್ಯ ಜಾಹೀರಾತು ದೂರದರ್ಶನಕ್ಕೆ ಬಂದದ್ದು 1976ರಲ್ಲಿ. ಕಂಪನಿಗಳು ಅದೇ ಬಲವನ್ನು ಹಣ ಕೊಟ್ಟು ಪಡೆದುಕೊಂಡವು.

ಇಂದು ಪ್ರತಿಯೊಬ್ಬರ ಮೊಬೈಲಿಗೂ ಬೇರೆ ಬೇರೆ ಜಾಹೀರಾತು ಕಳಿಸಲು ಸಾಧ್ಯವಾಗಿರುವಾಗ, ಎಲ್ಲರಿಗೂ ತೋರಿಸುವ ಹಳೆಯ ಪದ್ಧತಿ ಮುಗಿಯಿತೆಂದು ಅನೇಕರು ಭಾವಿಸಿದ್ದರು. 2016ರಲ್ಲಿ ಜಗತ್ತಿನ ಅತಿದೊಡ್ಡ ಜಾಹೀರಾತುದಾರರಲ್ಲಿ ಒಂದಾದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ, ಫೇಸ್‌ಬುಕ್‌ನಲ್ಲಿ ತೀರ ಚಿಕ್ಕ ಗುಂಪುಗಳನ್ನು ಆರಿಸಿ ಜಾಹೀರಾತು ತೋರಿಸುವುದನ್ನು ಕಡಿಮೆ ಮಾಡುವುದಾಗಿ ಹೇಳಿತು. ವೃತ್ತವನ್ನು ವಿಪರೀತ ಕಿರಿದು ಮಾಡಿಕೊಂಡೆವು ಎಂಬುದು ಅದರ ಕಾರಣವಾಗಿತ್ತು. ಒಬ್ಬನೇ ತನ್ನ ಮೊಬೈಲಿನಲ್ಲಿ ನೋಡಿದ ಜಾಹೀರಾತು ಅವನಿಗೆ ವಿಷಯವನ್ನು ತಿಳಿಸಬಹುದು, ಇಂದೇ ಕೊಳ್ಳುವಂತೆಯೂ ಮಾಡಬಹುದು. ಆದರೆ ಊರಿಗೆ ಗೊತ್ತಿರುವ ಹೆಸರು ಎಂಬ ಭಾವವನ್ನು ಅದು ಕೊಡಲಾರದು.

ಇದೇ ತರ್ಕವನ್ನು ಬಹುದೂರ ಒಯ್ದದ್ದು ಇಂಟೆಲ್. ಕಂಪ್ಯೂಟರಿನ ಒಳಗೆ ಕೂತಿರುವ ಚಿಪ್ಪನ್ನು ಯಾವ ಗೃಹಸ್ಥನೂ ಬಿಡಿಯಾಗಿ ಕೊಳ್ಳಲು ಹೋಗುವುದಿಲ್ಲ. ಅದರ ಗಿರಾಕಿಗಳು ಕಂಪ್ಯೂಟರ್ ತಯಾರಿಸುವ ಕಂಪನಿಗಳು. ಆದರೂ 1991ರಿಂದ ಇಂಟೆಲ್ ತನ್ನ ಹೆಸರಿನ ಚೀಟಿಯನ್ನು ಕಂಪ್ಯೂಟರಿನ ಹೊರಮೈಗೆ ಅಂಟಿಸುವಂತೆ ಮಾಡಿ, ಆ ಕಂಪನಿಗಳ ಜಾಹೀರಾತಿನ ಖರ್ಚಿನಲ್ಲಿ ತಾನೂ ಪಾಲು ಕೊಟ್ಟಿತು. ಜನಸಾಮಾನ್ಯರು ಅಂಗಡಿಯಲ್ಲಿ ಒಳಗೆ ಯಾವ ಚಿಪ್ ಇದೆ ಎಂದು ಕೇಳತೊಡಗಿದಾಗ, ಅದರ ನಿಜವಾದ ಗಿರಾಕಿಗಳಾದ ತಯಾರಕರಿಗೆ ಬೇರೆಯವರ ಚಿಪ್ಪಿನತ್ತ ಹೊರಳುವುದು ಕಷ್ಟವಾಯಿತು.

ನಮ್ಮ ಕಿರಾಣಿ ಅಂಗಡಿಯಲ್ಲಿಯೂ ನಡೆಯುವುದು ಇದೇ. ಅಂಗಡಿಯವನ ಕಪಾಟಿನಲ್ಲಿ ಜಾಗ ಕಡಿಮೆ, ಬಂಡವಾಳವೂ ಕಡಿಮೆ. ಗಿರಾಕಿಗಳು ಹೆಸರು ಹಿಡಿದು ಕೇಳುವುದನ್ನು ಅವನು ಮೊದಲು ಇಡುತ್ತಾನೆ, ಅದರಲ್ಲಿ ಲಾಭದ ಅಂಚು ಕಡಿಮೆಯಿದ್ದರೂ ಇಡುತ್ತಾನೆ. ಹೆಸರು ಗೊತ್ತಿಲ್ಲದ ಸರಕನ್ನು ಇಡಬೇಕಾದರೆ ಹೆಚ್ಚು ಕಮಿಷನ್ ಕೇಳುತ್ತಾನೆ, ಉದ್ರಿ ಕೇಳುತ್ತಾನೆ, ಮಾರಾಟವಾಗದಿದ್ದರೆ ವಾಪಸು ಒಯ್ಯಿರಿ ಎನ್ನುತ್ತಾನೆ. ಜಾಹೀರಾತಿಗೆ ಹಣ ಹಾಕದೆ ಉಳಿಸಿದೆವು ಎಂದುಕೊಳ್ಳುವ ಚಿಕ್ಕ ತಯಾರಕರು ಆ ಹಣವನ್ನು ಕಮಿಷನ್ನಿನ ರೂಪದಲ್ಲಿ, ಬಾರದ ಬಾಕಿಯ ರೂಪದಲ್ಲಿ ಕಳೆದುಕೊಳ್ಳುತ್ತಿರುತ್ತಾರೆ. ಬ್ಯಾಂಕಿನವರು, ಷೇರು ಕೊಳ್ಳುವವರು, ಕೆಲಸ ಹುಡುಕುವ ಯುವಕರು, ಇವರ ವಿಚಾರವನ್ನು ನಾನು ಇಲ್ಲಿ ಬೆಳೆಸುವುದಿಲ್ಲ; ಹೆಸರು ಕೇಳಿದ ಕಂಪನಿಯತ್ತ ಅವರೂ ಬೇಗ ತಿರುಗುತ್ತಾರೆ ಎಂದಷ್ಟೇ ಹೇಳುತ್ತೇನೆ.

ಅರ್ಥಶಾಸ್ತ್ರಜ್ಞರು ಇದಕ್ಕೆ ಇನ್ನೊಂದು ಕಾರಣವನ್ನು ಕೊಟ್ಟಿದ್ದಾರೆ. 1970ರಲ್ಲಿ ಜಾರ್ಜ್ ಅಕೆರ್ಲಾಫ್ ಅವರು ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿಟ್ಟು, ಕೊಳ್ಳುವವನಿಗೆ ಒಳ್ಳೆಯದು ಯಾವುದು ಕೆಟ್ಟದ್ದು ಯಾವುದು ಎಂದು ತಿಳಿಯದಿದ್ದರೆ ಒಳ್ಳೆಯ ಸರಕಿಗೆ ತಕ್ಕ ಬೆಲೆ ಸಿಗದೆ ಅದು ಮಾರುಕಟ್ಟೆಯಿಂದಲೇ ಹಿಂದೆ ಸರಿಯುತ್ತದೆ ಎಂದು ತೋರಿಸಿದರು. 1974ರಲ್ಲಿ ಫಿಲಿಪ್ ನೆಲ್ಸನ್ ಅವರು, ಬಳಸಿದ ಮೇಲಷ್ಟೇ ಗುಣ ತಿಳಿಯುವ ವಸ್ತುಗಳಲ್ಲಿ ಜಾಹೀರಾತು ಏನನ್ನು ಹೇಳುತ್ತದೆ ಎಂಬುದಕ್ಕಿಂತ ಅದಕ್ಕೆ ದೊಡ್ಡ ಮೊತ್ತವನ್ನು ಹಾಕಿದ್ದಾರೆ ಎಂಬುದೇ ಸುದ್ದಿ ಎಂದರು. ಹಾಕಿದ ಹಣ ಮರಳಿ ಬರುವುದು ಜನ ಎರಡನೆಯ, ಹತ್ತನೆಯ ಸಲ ಅದೇ ವಸ್ತುವನ್ನು ಕೊಂಡಾಗ ಮಾತ್ರ. ಮೊದಲ ಸಲಕ್ಕೇ ಬಯಲಾಗುವ ಕಳಪೆ ಸರಕಿನವನಿಗೆ ಅಷ್ಟು ಹಣ ಹಾಕುವುದು ಲಾಭವಲ್ಲ. ಹೀಗೆ ಬಹಿರಂಗವಾಗಿ ಖರ್ಚಾದ ಹಣವು ಜನರ ಮುಂದಿಟ್ಟ ಒಂದು ಠೇವಣಿಯಾಗುತ್ತದೆ.

ಈ ವಾದ ನನಗೆ ಒಪ್ಪಿತವೇ, ಆದರೆ ಅದರ ಎಲ್ಲೆಯನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಗಿರಾಕಿ ಮರಳಿ ಬರಬೇಕಾದ ಕಡೆ, ಬಳಸಿದ ಮೇಲಾದರೂ ಗುಣ ತಿಳಿಯುವ ಕಡೆ ಮಾತ್ರ ಈ ಠೇವಣಿಗೆ ಅರ್ಥವಿದೆ. ಜೀವಮಾನದಲ್ಲಿ ಒಮ್ಮೆ ಹಣ ಕಟ್ಟಿ ಮುಗಿಸುವ ಕಡೆ ಅದು ಮುರಿದುಬೀಳುತ್ತದೆ. ವಿಪರೀತ ಬಡ್ಡಿಯ ಆಸೆ ತೋರಿಸಿ ಠೇವಣಿ ಸಂಗ್ರಹಿಸುವ ಯೋಜನೆಗಳು, ಮಕ್ಕಳ ಭಾವಚಿತ್ರಗಳನ್ನು ಚೌಕಚೌಕಗಳಲ್ಲಿ ತುಂಬಿದ ಕೋಚಿಂಗ್ ಫಲಕಗಳು, ಒಂದೇ ತಿಂಗಳಲ್ಲಿ ಕಾಯಿಲೆ ವಾಸಿಮಾಡುವ ಔಷಧಿಗಳು ಇಂಥವು. ಇಲ್ಲಿ ದೊಡ್ಡ ಜಾಹೀರಾತನ್ನು ಕಂಡು ದೊಡ್ಡ ಸಂಸ್ಥೆಯೆಂದು ನಂಬಿದ ಕುಟುಂಬಗಳು ನಮ್ಮ ಜಿಲ್ಲೆಗಳಲ್ಲಿ ಕಡಿಮೆ ಇಲ್ಲ, ಮತ್ತು ಅವರು ಕಳೆದುಕೊಂಡದ್ದು ಹೊಲ ಮಾರಿದ ಹಣ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿಯಲ್ಲಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು; ಅದರಲ್ಲಿ ಕಾಣಿಸಿಕೊಳ್ಳುವ ಪ್ರಸಿದ್ಧರೂ ಹೊಣೆಗಾರರು. ಕೋಚಿಂಗ್ ಕೇಂದ್ರಗಳ ಜಾಹೀರಾತಿಗಾಗಿ 2024ರಲ್ಲಿ ಪ್ರತ್ಯೇಕ ಮಾರ್ಗಸೂಚಿ ಬಂದಿದೆ. ಪಾಲಕರು ಇವನ್ನು ತಿಳಿದಿರಬೇಕು.

ಹೆಸರಿನ ಬಲ ಎಷ್ಟೆಂಬುದಕ್ಕೆ ನನಗೆ ಅತ್ಯಂತ ಕಳವಳ ತರುವ ಸಾಕ್ಷ್ಯ ತಂಬಾಕಿನದು. 2003ರ ಕಾಯ್ದೆ ತಂಬಾಕು ಉತ್ಪನ್ನಗಳ ಜಾಹೀರಾತನ್ನು ನಿಷೇಧಿಸಿತು. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆ ಮೇಲೆಯೂ ಅದೇ ಹೆಸರು, ಅದೇ ಬಣ್ಣ, ಅದೇ ಅಕ್ಷರವಿನ್ಯಾಸದಲ್ಲಿ ಏಲಕ್ಕಿ, ಬಾಯಿಸುವಾಸನೆಯ ಕಾಳುಗಳ ಜಾಹೀರಾತುಗಳು ಚಿತ್ರನಟರ ಮುಖದೊಂದಿಗೆ ಬರುತ್ತಲೇ ಇವೆ. ವಸ್ತುವನ್ನು ತೋರಿಸದೆ ಹೆಸರೊಂದನ್ನೇ ತೋರಿಸಿದರೂ ಮಾರಾಟಕ್ಕೆ ಸಾಕು ಎಂದು ಆ ಕಂಪನಿಗಳಿಗೆ ಗೊತ್ತಿಲ್ಲದಿದ್ದರೆ ಇಷ್ಟು ಹಣ ಹಾಕುತ್ತಿರಲಿಲ್ಲ. ಈ ಬದಲಿ ಜಾಹೀರಾತುಗಳನ್ನು 2022ರ ಮಾರ್ಗಸೂಚಿ ನಿಷೇಧಿಸಿದೆ. ನಮ್ಮ ಬಸ್ ನಿಲ್ದಾಣಗಳ ಸುತ್ತಲೂ ಆ ನಿಷೇಧ ಜಾರಿಯಾಗುವುದನ್ನು ಕಾಣಬೇಕೆಂಬುದು ನನ್ನ ಆಗ್ರಹ. ಗೋಡೆಯ ಮೇಲಿನ ಸಿಮೆಂಟಿನ ಹೆಸರನ್ನು ಓದುವ ಮಗುವೇ ಇದನ್ನೂ ಓದುತ್ತದೆ.

ಹೆಸರು ಒಳ್ಳೆಯ ಕಾಲದಲ್ಲಿ ಬೆಲೆ ತರುವಂತೆ ಕೆಟ್ಟ ಕಾಲದಲ್ಲಿ ಆಸರೆಯಾಗುತ್ತದೆ. 2015ರ ಜೂನ್‌ನಲ್ಲಿ ಮ್ಯಾಗಿ ನೂಡಲ್ಸ್ ಮೇಲೆ ನಿಷೇಧ ಬಿದ್ದು ಅದು ಅಂಗಡಿಗಳಿಂದ ಕಣ್ಮರೆಯಾಯಿತು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ನಿಷೇಧವನ್ನು ತೆಗೆದುಹಾಕಿ ಮರುಪರೀಕ್ಷೆಗೆ ಆದೇಶಿಸಿತು. ನವೆಂಬರಿನಲ್ಲಿ ಅದು ಮರಳಿ ಬಂದು ಮುಂದೆ ತನ್ನ ಮೊದಲಿನ ಸ್ಥಾನವನ್ನು ಪಡೆಯಿತು. 1983ರಿಂದ ಮನೆಮನೆಯಲ್ಲಿ ಬೇರೂರಿದ್ದ ಹೆಸರಲ್ಲದಿದ್ದರೆ ಆ ಐದು ತಿಂಗಳಲ್ಲಿ ಜನ ಅದನ್ನು ಮರೆತಿರುತ್ತಿದ್ದರು. ಹೆಸರು ದೊಡ್ಡದಾಗಿದ್ದರಿಂದಲೇ ದೇಶವೆಲ್ಲ ಆ ಸುದ್ದಿಯನ್ನು ಚರ್ಚಿಸಿತು ಎಂಬುದನ್ನೂ ಇಲ್ಲಿ ಸೇರಿಸಬೇಕು. ಪರಿಚಯವು ದೂರನ್ನೂ ಬೇಗ ಹರಡಿಸುತ್ತದೆ.

ಈಗ ನಮ್ಮ ನಾಡಿನ ಎರಡು ಸಾರ್ವಜನಿಕ ಸಂಸ್ಥೆಗಳ ವಿಷಯ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಗಂಧದೆಣ್ಣೆ ತೆಗೆಯುವ ಕೆಲಸದಿಂದ ಆರಂಭವಾದ ಸಂಸ್ಥೆಯ ಮೈಸೂರು ಸ್ಯಾಂಡಲ್ ಸಾಬೂನಿಗೆ 2025ರ ಮೇ ತಿಂಗಳಲ್ಲಿ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.20 ಕೋಟಿ ರೂಪಾಯಿ ನೀಡಿ ರಾಯಭಾರಿಯಾಗಿ ನೇಮಿಸಿದಾಗ ದೊಡ್ಡ ವಿವಾದವೆದ್ದಿತು. ಕನ್ನಡದ ಕಲಾವಿದೆಯರು ಇರಲಿಲ್ಲವೇ ಎಂದು ಜನ ಕೇಳಿದರು; ಅದು ನ್ಯಾಯವಾದ ಭಾವನೆ. ಅದರ ಜೊತೆಗೆ, ನೂರು ವರ್ಷದ ಸಾಬೂನಿಗೆ ಪ್ರಚಾರವೇ ಬೇಕೇ ಎಂಬ ಪ್ರಶ್ನೆಯೂ ಕೇಳಿಬಂತು. ಇದನ್ನು ಬೇರೆಯಾಗಿ ನೋಡಬೇಕೆಂದು ನನಗೆ ಅನಿಸುತ್ತದೆ. ಕರ್ನಾಟಕದ ಹೊರಗಿನ ಮಾರುಕಟ್ಟೆಗಳನ್ನು ತಲುಪಬೇಕಾಗಿದೆ ಎಂಬುದು ಸರ್ಕಾರ ಕೊಟ್ಟ ಕಾರಣ. ಪರಿಚಯ ಎಂಬುದು ರಾಜ್ಯದ ಗಡಿಯನ್ನು ತಾನಾಗಿ ದಾಟುವುದಿಲ್ಲ. ಅಜ್ಜಿಯ ಕಾಲದಿಂದ ಬಚ್ಚಲಲ್ಲಿ ಇದ್ದ ಪರಿಮಳ ನಮಗೆ ಸಾಕ್ಷಿಯಾಗಬಹುದು. ಭೋಪಾಲದ ಮನೆಗೆ ಆ ಅಜ್ಜಿ ಇರಲಿಲ್ಲ. ಕೆಎಂಎಫ್‌ನ ನಂದಿನಿ 2024ರ ಟಿ-20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ತಂಡಗಳ ಪ್ರಾಯೋಜಕತ್ವ ವಹಿಸಿದ್ದನ್ನೂ ನಾನು ಇದೇ ಬೆಳಕಿನಲ್ಲಿ ನೋಡುತ್ತೇನೆ. ಸ್ಕಾಟ್ಲೆಂಡಿನಲ್ಲಿ ಹಾಲು ಮಾರುವ ಉದ್ದೇಶ ಅಲ್ಲಿರಲಿಲ್ಲ. ಕ್ರಿಕೆಟ್ ನೋಡುವ ಭಾರತೀಯರು ಜಗತ್ತಿನಲ್ಲಿ ಎಲ್ಲಿದ್ದರೂ ಆ ಹೆಸರು ಅವರ ಕಣ್ಣಿಗೆ ಬೀಳುತ್ತಿತ್ತು.

ಇಷ್ಟು ಹೇಳಿದ ಮೇಲೆ ನಮ್ಮ ತೊಗರಿಯ ಮಾತನ್ನು ಆಡದೆ ಇರಲಾರೆ. ಕಲಬುರಗಿ ತೊಗರಿಯ ಕಣಜವೆಂದು ಪಠ್ಯಪುಸ್ತಕದಲ್ಲಿ ಓದಿದ್ದೇವೆ. 2019ರಲ್ಲಿ ಗುಲ್ಬರ್ಗಾ ತೊಗರಿಬೇಳೆಗೆ ಜಿಐ ಟ್ಯಾಗ್, ಅಂದರೆ ಭೌಗೋಳಿಕ ಸೂಚಿಕೆಯ ಮಾನ್ಯತೆ, ದೊರೆಯಿತು. ನಮ್ಮ ಎರೆಮಣ್ಣಿನ ಸುಣ್ಣದಂಶ ಆ ಬೇಳೆಯ ರುಚಿಗೆ ಕಾರಣವೆಂದು ಬೆಳೆಗಾರರು ಹೇಳುತ್ತಾರೆ. ಆದರೆ ನೆಹರೂ ಗಂಜಿನಿಂದ ಹೊರಡುವ ಎಷ್ಟೋ ಲಾರಿಗಳಲ್ಲಿ ಹೋಗುವುದು ಹೆಸರಿಲ್ಲದ ಚೀಲ. ಅದು ಬೇರೆ ಊರಿನಲ್ಲಿ ಬೇರೆಯವರ ಪೊಟ್ಟಣ ಸೇರಿ, ಬೇರೆಯವರ ಹೆಸರು ಹೊತ್ತು, ಕೆಲವೊಮ್ಮೆ ನಮ್ಮದೇ ಸೂಪರ್ ಮಾರ್ಕೆಟ್ ಪ್ರದೇಶದ ಅಂಗಡಿಗಳಿಗೆ ಹೆಚ್ಚಿನ ಬೆಲೆಗೆ ಮರಳಿ ಬರುತ್ತದೆ. ಮಳೆ ಕೈಕೊಟ್ಟ ವರ್ಷದ ಕಷ್ಟ ನಮ್ಮ ರೈತನದು, ಹೆಸರಿನ ಬೆಲೆ ಇನ್ನಾರದೋ.

ಜಿಐ ಟ್ಯಾಗ್ ಒಂದು ಹಕ್ಕು. ಬೇರೆಯವರು ಆ ಹೆಸರನ್ನು ಬಳಸದಂತೆ ತಡೆಯುವ ಅಧಿಕಾರವನ್ನು ಅದು ಕೊಡುತ್ತದೆ. ಬೆಂಗಳೂರಿನ, ಪುಣೆಯ, ಚೆನ್ನೈನ ಗೃಹಿಣಿಯ ಮನಸ್ಸಿನಲ್ಲಿ ಆ ಹೆಸರನ್ನು ಅದು ನೆಡುವುದಿಲ್ಲ. ಬೀದರಿನ ಬಿದರಿ ಕಲೆಗೂ ಜಿಐ ಟ್ಯಾಗ್ ಇದೆ. ಆದರೆ ಬಿದರಿಯ ಹೆಸರು ಅದಕ್ಕೂ ಮುಂಚೆ ಶತಮಾನಗಳಿಂದ ದೂರದೂರಕ್ಕೆ ಹೋಗಿತ್ತು, ಕಾಣಿಕೆಯಾಗಿ ಕೈಯಿಂದ ಕೈಗೆ ದಾಟುವ ವಸ್ತುವಾಗಿದ್ದರಿಂದ ಅದು ತನ್ನ ಪ್ರಚಾರವನ್ನು ತಾನೇ ಮಾಡಿಕೊಂಡಿತು. ಬೇಳೆ ಕುದಿದು ಕರಗಿಹೋಗುತ್ತದೆ. ಅದರ ಹೆಸರು ಉಳಿಯಬೇಕಾದರೆ ಯಾರಾದರೂ ಅದನ್ನು ಹೇಳುತ್ತಲೇ ಇರಬೇಕು. ಇತ್ತೀಚೆಗೆ ನಮ್ಮ ಮಹಿಳಾ ಸಂಘಗಳ ಜೋಳದ ರೊಟ್ಟಿಯನ್ನು ‘ಕಲಬುರಗಿ ರೊಟ್ಟಿ’ ಎಂಬ ಒಂದೇ ಹೆಸರಿನಲ್ಲಿ ಮಾರಾಟಕ್ಕೆ ತಂದಿರುವುದು ನನಗೆ ಅಪಾರ ಸಂತೋಷ ತಂದಿದೆ. ತೊಗರಿಯ ವಿಚಾರದಲ್ಲಿಯೂ ಹಿಡಿಯಬೇಕಾದ ದಾರಿ ಅದು.

ದಾಲ್ ಮಿಲ್ ನಡೆಸುವ ಹಿರಿಯರಿಗೆ ನನ್ನ ವಿನಂತಿ ಇಷ್ಟು. ಪ್ರತಿ ಮಿಲ್ಲಿಗೂ ಒಂದೊಂದು ಹೆಸರು, ವರ್ಷಕ್ಕೊಂದು ಬಣ್ಣದ ಪೊಟ್ಟಣ ಎಂಬ ರೂಢಿಯಲ್ಲಿ ಯಾವ ಹೆಸರೂ ಯಾರ ನೆನಪಿನಲ್ಲಿಯೂ ನಿಲ್ಲುವುದಿಲ್ಲ. ಹಲವರು ಕೂಡಿ ಒಂದು ಹೆಸರನ್ನು, ಒಂದು ಗುರುತನ್ನು ಆರಿಸಿ ಅದನ್ನು ಹತ್ತು ವರ್ಷ ಬದಲಿಸದೆ ಇಡಬೇಕು. ಇಡೀ ದೇಶಕ್ಕೆ ಜಾಹೀರಾತು ತೋರಿಸುವ ಶಕ್ತಿ ನಮಗಿಲ್ಲ. ಒಂದು ನಗರವನ್ನೋ ಎರಡು ನಗರಗಳನ್ನೋ ಆರಿಸಿಕೊಂಡು, ಅಲ್ಲಿ ಬೇಳೆ ಕೊಳ್ಳುವವರು ಕೊಳ್ಳದವರು ಎಂಬ ಭೇದವಿಲ್ಲದೆ ಎಲ್ಲರಿಗೂ ಕಾಣುವಂತೆ ಮಾಡುವ ಶಕ್ತಿ ಕೂಡಿದರೆ ಬರುತ್ತದೆ. ಅದಕ್ಕೂ ಮೊದಲು, ಜನವರಿಯ ಪೊಟ್ಟಣದಲ್ಲಿರುವ ಬೇಳೆಯೂ ಆಗಸ್ಟಿನ ಪೊಟ್ಟಣದ ಬೇಳೆಯೂ ಒಂದೇ ಸಮಯದಲ್ಲಿ ಬೇಯುವಂತೆ ಗುಣಮಟ್ಟವನ್ನು ಕಾಪಾಡಿಕೊಳ್ಳಬೇಕು. ಆ ಸಿದ್ಧತೆಯಿಲ್ಲದೆ ಹೆಸರನ್ನು ಮೆರೆಸಿದರೆ, ಮೊದಲ ಸಲ ಕೊಂಡವರು ಆ ಹೆಸರನ್ನು ನೆನಪಿಟ್ಟುಕೊಳ್ಳುವುದು ಮುಂದೆ ಕೊಳ್ಳದಿರುವುದಕ್ಕೆ.

ಉಪನ್ಯಾಸದ ನಂತರ ಸ್ವಸಹಾಯ ಸಂಘದ ಒಬ್ಬ ತಾಯಿ, ಹಾಕಿದ ಹಣದಿಂದ ಹೆಸರು ಬೆಳೆಯಿತೋ ಇಲ್ಲವೋ ಎಂದು ನಮ್ಮಂಥವರು ತಿಳಿಯುವುದು ಹೇಗೆ ಎಂದು ಕೇಳಿದರು. ಮಾರಾಟದ ಲೆಕ್ಕವೊಂದೇ ಅದನ್ನು ಹೇಳುವುದಿಲ್ಲ, ಏಕೆಂದರೆ ಬೆಲೆ ಇಳಿಸಿದರೂ ಮಾರಾಟ ಏರುತ್ತದೆ. ಜಾಹೀರಾತಿಗೆ ಮೊದಲೊಮ್ಮೆ, ಆರು ತಿಂಗಳ ನಂತರ ಇನ್ನೊಮ್ಮೆ, ಅದೇ ಓಣಿಗಳಲ್ಲಿ ಮನೆಮನೆಗೆ ಹೋಗಿ, ನಿಮ್ಮ ಹೆಸರನ್ನು ಹೇಳದೆ, ‘ರೊಟ್ಟಿ ಎಂದರೆ ನಿಮಗೆ ಯಾವ ಹೆಸರು ನೆನಪಿಗೆ ಬರುತ್ತದೆ?’ ಎಂದು ಕೇಳಬೇಕು. ಆಮೇಲೆ ಪೊಟ್ಟಣವನ್ನು ತೋರಿಸಿ, ‘ಇದನ್ನು ನೋಡಿದ್ದೀರಾ?’ ಎಂದು ಕೇಳಬೇಕು. ಎರಡನೆಯದಕ್ಕೆ ಹೌದು ಎನ್ನುವವರು ಮೊದಲು ಹೆಚ್ಚುತ್ತಾರೆ, ತಾವಾಗಿ ಹೆಸರು ಹೇಳುವವರು ನಿಧಾನವಾಗಿ ಹೆಚ್ಚುತ್ತಾರೆ. ರೊಟ್ಟಿಯನ್ನು ಮನೆಯಲ್ಲಿಯೇ ಬಡಿದುಕೊಳ್ಳುವವರನ್ನೂ ಕೇಳುವುದನ್ನು ಬಿಡಬಾರದು. ಊರಿಂದ ಬಂದ ನೆಂಟರಿಗೆ ಯಾವುದನ್ನು ಕೊಂಡೊಯ್ಯಿರಿ ಎಂದು ಹೇಳುವವರು ಅವರೇ. ಈ ಕೆಲಸಕ್ಕೆ ದೊಡ್ಡ ಸಂಸ್ಥೆ ಬೇಕಾಗಿಲ್ಲ. ಸಭೆಯಲ್ಲಿದ್ದ ವಾಣಿಜ್ಯ ವಿದ್ಯಾರ್ಥಿಗಳು ಇದನ್ನು ತಮ್ಮ ಯೋಜನಾ ಕಾರ್ಯವಾಗಿ ತೆಗೆದುಕೊಳ್ಳಬಹುದು. ರೊಟ್ಟಿಯ ಜೊತೆಗೆ ತೊಗರಿಬೇಳೆಯ ಪ್ರಶ್ನೆಯನ್ನೂ ಸೇರಿಸಿ, ಹೊಸ ಬೆಳೆ ಗಂಜಿಗೆ ಬರುವ ಮೊದಲೇ ಮೊದಲ ಸುತ್ತನ್ನು ಮುಗಿಸಿದರೆ ಮಿಲ್ಲುಗಳಿಗೂ ಅದು ಉಪಯೋಗಕ್ಕೆ ಬರುತ್ತದೆ.